ಉಪ್ಪಿನ ಹರಳನ್ನು ಲೆಕ್ಕದಿಂದ ಒತ್ತಿದ ಕಥೆ

ಅಂಕೋಲೆಯನ್ನೂ ಉಪ್ಪನ್ನೂ ಬೇರೆ ಬೇರೆಯಾಗಿ ನೆನೆಯುವುದು ನಮ್ಮ ಕಾರವಾರದ ಕಡೆಯವರಿಗೆ ಆಗದ ಮಾತು. 1930ರ ಎಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯೇ ಕೇಂದ್ರವಾಯಿತು. ಊರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರೂ ನಿಂತಿತು. ಆ ಕಥೆಯನ್ನು ನೀವು ಹಿರಿಯರ ಬಾಯಿಂದ ಕೇಳಿದ್ದೀರಿ. ನಾನು ಇಂದು ಹೇಳಹೊರಟಿರುವುದು ಅದೇ ಉಪ್ಪಿನ ಇನ್ನೊಂದು ಚರಿತ್ರೆ. ಅದರಲ್ಲಿ ಪೋಲೀಸರಿಲ್ಲ, ಸೆರೆಮನೆಯಿಲ್ಲ. ಆದರೆ ಜಗಳವುಂಟು, ಹಟವುಂಟು, ಒಬ್ಬ ದೊಡ್ಡ ಮನುಷ್ಯರ ಕಣ್ಣೀರೂ ಉಂಟು. ಮುಷ್ಟಿಯಲ್ಲಿ ಹಿಡಿದ ಉಪ್ಪಿನ ಒಂದು ಹರಳನ್ನು ಲಕ್ಷಗಟ್ಟಲೆ ವಾಯುಭಾರದಿಂದ ಒತ್ತಿದರೆ ಅದರ ಒಳಗಟ್ಟು ಏನಾದೀತು? ಒತ್ತಿ ನೋಡದೆಯೇ, ಬರಿಯ ಲೆಕ್ಕದಿಂದ ಅದನ್ನು ಹೇಳಬಹುದೇ? ಹೇಳಿದರೆ ಆ ಲೆಕ್ಕವನ್ನು ನಂಬಬಹುದೇ? ನೂರು ವರ್ಷಕ್ಕೂ ಮೀರಿ ನಡೆದು ಬಂದ ಈ ವಿಚಾರದ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟಿತು.

ಅಂಕೋಲೆಯಿಂದ ಗಂಗಾವಳಿಯನ್ನು ದಾಟಿ ಗೋಕರ್ಣದ ಕಡೆಗೆ ಹೋದವರು ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿಯೇ ಇರುತ್ತಾರೆ. ಅಘನಾಶಿನಿಯ ಅಳಿವೆಗೆ ಭರತದಲ್ಲಿ ಏರಿ ಬಂದ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ, ಕೆನೆಗಟ್ಟಿದ ಹರಳನ್ನು ಬಳಿದು ರಾಶಿ ಹಾಕುವ ಈ ಕಸಬು ಬಹು ಹಳೆಯದು. ನಮ್ಮ ಜಿಲ್ಲೆಯ ಆಗೇರರ ಹೆಸರೇ ಈ ಆಗರಕ್ಕೆ ಸಂಬಂಧಪಟ್ಟದ್ದು. ಆ ಉಪ್ಪು ಹಾಲಿನಂತೆ ಬೆಳ್ಳಗಿಲ್ಲ. ಮಣ್ಣಿನ ಬಣ್ಣ ಸ್ವಲ್ಪ ಅಂಟಿಕೊಂಡಿರುತ್ತದೆ. ಸಮುದ್ರದ ಇತರ ಲವಣಗಳೂ ಅದರಲ್ಲಿ ಬೆರೆತಿರುವುದರಿಂದ ಮಳೆಗಾಲ ಬಂತೆಂದರೆ ಮರಿಗೆಯಲ್ಲಿಟ್ಟ ಉಪ್ಪು ನೀರು ಬಿಡುತ್ತದೆ. ಉಪ್ಪಿನಕಾಯಿಗೆ ಇದಕ್ಕಿಂತ ಒಳ್ಳೆಯ ಉಪ್ಪಿಲ್ಲವೆಂದು ನಮ್ಮ ಹೆಂಗಸರು ಹೇಳುತ್ತಾರೆ. ಅದರ ವಿಜ್ಞಾನವನ್ನು ನಾನು ಶೋಧಿಸಲು ಹೋಗಿಲ್ಲ, ರುಚಿಯನ್ನು ಮಾತ್ರ ಬಲ್ಲೆ.

ಆ ಮರಿಗೆಯಿಂದ ಒಂದು ದೊಡ್ಡ ಹರಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಳ್ಳಿರಿ. ಚಾಕುವಿನ ಅಲಗಿಟ್ಟು ಮೆಲ್ಲನೆ ತಟ್ಟಿದರೆ ಅದು ಅಡ್ಡಾದಿಡ್ಡಿಯಾಗಿ ಒಡೆಯದೆ ನೆಟ್ಟಗೆ ಸೀಳುತ್ತದೆ. ಚೂರುಗಳೂ ಚೌಕ ಮೂಲೆಯವೇ. ಇನ್ನೂ ಒಡೆದರೂ ಚೌಕವೇ. ಹೊರಗಿನ ಈ ಕಟ್ಟುನಿಟ್ಟು ಒಳಗಿನ ಯಾವುದೋ ಶಿಸ್ತಿನ ಕುರುಹಾಗಿರಬೇಕೆಂದು ಹದಿನೆಂಟನೆಯ ಶತಮಾನದಿಂದಲೂ ಬಲ್ಲವರು ಊಹಿಸುತ್ತಿದ್ದರು. ಊಹೆ ಕಣ್ಣಿಗೆ ಕಂಡದ್ದು ಕ್ಷಕಿರಣ ಬಂದ ಮೇಲೆ. 1912ರಲ್ಲಿ ಮ್ಯೂನಿಕ್ ನಗರದಲ್ಲಿ ಲಾವೆ ಮತ್ತು ಅವರ ಜೊತೆಗಾರರು ಕ್ಷಕಿರಣವನ್ನು ಹರಳಿನ ಮೂಲಕ ಹಾಯಿಸಿ ಚುಕ್ಕೆಗಳ ಚಿತ್ತಾರವನ್ನು ಪಡೆದರು. ಮಾರನೆಯ ವರ್ಷ, 1913ರಲ್ಲಿ, ಇಂಗ್ಲೆಂಡಿನ ಲಾರೆನ್ಸ್ ಬ್ರಾಗ್ ಎಂಬ ತರುಣರು ಅಂಥ ಚಿತ್ತಾರಗಳನ್ನು ಓದಿ ಉಪ್ಪಿನ ಒಳಮನೆಯ ನಕ್ಷೆಯನ್ನು ಬರೆದರು. ಆಗ ಅವರಿಗೆ 23 ವರ್ಷ. ಮನುಷ್ಯನು ಪರಮಾಣುಗಳ ಮಟ್ಟದಲ್ಲಿ ಮೊಟ್ಟಮೊದಲು ಅರಿತ ಹರಳುಗಳಲ್ಲಿ ಒಂದು ಈ ಅಡಿಗೆಮನೆಯ ಉಪ್ಪು. ಒಂದು ಸೋಡಿಯಂ, ಒಂದು ಕ್ಲೋರಿನ್, ಮತ್ತೆ ಒಂದು ಸೋಡಿಯಂ, ಹೀಗೆ ಎಡ ಬಲ, ಹಿಂದೆ ಮುಂದೆ, ಮೇಲೆ ಕೆಳಗೆ. ಪ್ರತಿಯೊಂದು ಸೋಡಿಯಮಿಗೂ ಆರು ಕ್ಲೋರಿನ್ ನೆರೆಹೊರೆ. ಪ್ರತಿಯೊಂದು ಕ್ಲೋರಿನ್ನಿಗೂ ಆರು ಸೋಡಿಯಂ. ಈ ಆರು ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿರಿ, ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಈ ನಕ್ಷೆಯನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನಶಾಸ್ತ್ರಜ್ಞರು 1927ರಲ್ಲಿಯೂ, ಅಂದರೆ ಹದಿನಾಲ್ಕು ವರ್ಷಗಳ ಅನಂತರವೂ, ‘ನೇಚರ್’ ಪತ್ರಿಕೆಯಲ್ಲಿ ಉಪ್ಪಿನ ಪರವಾಗಿ ಗೋಳಾಡಿದರು. ಒಂದು ಸೋಡಿಯಮಿಗೆ ಒಂದು ಕ್ಲೋರಿನ್ ಎಂಬ ಜೋಡಿಯನ್ನು ಮುರಿದು ಉಪ್ಪನ್ನು ಚದುರಂಗದ ಹಾಸಾಗಿ ಮಾಡಿದ್ದು ಅವರಿಗೆ ಸಹಿಸಲಿಲ್ಲ. ನಗುವ ಹಾಗಿಲ್ಲ, ಹಳೆಯ ಮನೆಯ ಯಜಮಾನರಿಗೆ ಹೊಸ ನಕ್ಷೆ ಒಗ್ಗುವುದು ಎಲ್ಲ ಕಾಲದಲ್ಲಿಯೂ ಕಷ್ಟವೇ.

ನಕ್ಷೆ ಸಿಕ್ಕಿತು. ಆದರೆ ಈ ಮನೆ ಬೀಳದೆ ನಿಂತಿರುವುದೇತಕ್ಕೆ? ಸೋಡಿಯಮಿಗೆ ಧನ ವಿದ್ಯುತ್ತು, ಕ್ಲೋರಿನ್ನಿಗೆ ಋಣ ವಿದ್ಯುತ್ತು. ಎರಡೂ ಒಂದನ್ನೊಂದು ಸೆಳೆಯುತ್ತವೆ. ಇಷ್ಟು ಹೇಳುವುದು ಸುಲಭ, ಕೂಡಿಸುವುದು ಸುಲಭವಲ್ಲ. ಒಂದು ಸೋಡಿಯಮಿನ ಮೇಲೆ ಕುಳಿತು ಲೆಕ್ಕ ಹಾಕಿ ನೋಡಿರಿ. ಹತ್ತಿರದ ಆರು ಕ್ಲೋರಿನ್ ಸೆಳೆಯುತ್ತವೆ: ಮೊತ್ತ 6. ಅದರಾಚೆಯ ಹನ್ನೆರಡು ಸೋಡಿಯಂ ದೂಡುತ್ತವೆ: ಮೊತ್ತ ಸೊನ್ನೆಯ ಕೆಳಗೆ ಎರಡೂವರೆಯ ಹತ್ತಿರಕ್ಕೆ ಇಳಿಯುತ್ತದೆ. ಅದರಾಚೆಯ ಎಂಟು ಕ್ಲೋರಿನ್ ಸೇರಿಸಿದರೆ ಮತ್ತೆ ಎರಡರ ಮೇಲಕ್ಕೆ ಏರುತ್ತದೆ. ಮತ್ತೊಂದು ಸುತ್ತು ಹೋದರೆ ಮತ್ತೆ ಸೊನ್ನೆಯ ಕೆಳಗೆ. ಹೀಗೆ ಸುತ್ತು ಸುತ್ತಾಗಿ ಕೂಡಿಸುತ್ತ ಹೋದರೆ ತೂಗುಯ್ಯಾಲೆ ನಿಲ್ಲುವುದೇ ಇಲ್ಲ. ಜರ್ಮನಿಯ ಎರ್ವಿನ್ ಮಾಡೆಲುಂಗ್ 1918ರಲ್ಲಿ ಕೂಡಿಸುವ ಬೇರೊಂದು ದಾರಿಯನ್ನು ಹುಡುಕಿದರು, ಉತ್ತರ 1.7476 ಎಂಬ ಸಂಖ್ಯೆಗೆ ಬಂದು ನಿಂತಿತು. ಉಪ್ಪಿನ ಹರಳಿನ ಬೆಸುಗೆಯ ಬಲವೆಲ್ಲ ಈ ಚಿಕ್ಕ ಸಂಖ್ಯೆಯಲ್ಲಿದೆ.

ಬರಿಯ ಸೆಳೆತವಿದ್ದರೆ ಹರಳು ತನ್ನೊಳಗೆ ತಾನೇ ಕುಸಿಯಬೇಕಷ್ಟೆ. ತೀರ ಹತ್ತಿರ ಬಂದ ಪರಮಾಣುಗಳು ಒಂದನ್ನೊಂದು ದೂಡಲೇಬೇಕು. ಆ ದೂಡುವ ಬಲವೆಷ್ಟು? ಇಲ್ಲಿ ಒತ್ತಡ ಮೊದಲ ಬಾರಿಗೆ ರಂಗಕ್ಕೆ ಬರುತ್ತದೆ. ಮ್ಯಾಕ್ಸ್ ಬಾರ್ನ್ ಮತ್ತು ಆಲ್ಫ್ರೆಡ್ ಲಾಂಡೆ ಎಂಬವರು 1918ರಲ್ಲಿ ಹೀಗೆ ಯೋಚಿಸಿದರು: ಉಪ್ಪನ್ನು ಒತ್ತಿದಾಗ ಅದು ಎಷ್ಟು ಕುಗ್ಗುತ್ತದೆಂಬುದನ್ನು ಅಳೆದವರಿದ್ದಾರೆ, ಅದು ಕುಗ್ಗಲು ಒಡ್ಡುವ ಹಟವೇ ಆ ದೂಡುವ ಬಲದ ಅಳತೆ. ಉಪ್ಪಿನ ಹಟ ಸಾಮಾನ್ಯವಲ್ಲ. ಸಾವಿರ ವಾಯುಭಾರವನ್ನು ಹೇರಿದರೂ ಅದರ ಗಾತ್ರ ನೂರಕ್ಕೆ ಅರ್ಧ ಪಾಲಿನಷ್ಟೂ ಕುಗ್ಗುವುದಿಲ್ಲ. ಜಗತ್ತಿನ ಅತ್ಯಂತ ಆಳದ ಸಮುದ್ರದ ತಳದ ಒತ್ತಡ ಸುಮಾರು ಅಷ್ಟು. ಒತ್ತಿ ನೋಡಿದ ಆ ಅಳತೆಯಿಂದ ದೂಡುವ ಬಲವನ್ನು ತೆಗೆದು, ಅದರಿಂದ ಹರಳಿನ ಬೆಸುಗೆಯ ಶಕ್ತಿಯನ್ನು ಲೆಕ್ಕಿಸಿದರೆ ಉತ್ತರ ಪ್ರಯೋಗಕ್ಕೆ ಬಹು ಸಮೀಪ ಬಂತು. 1932ರಲ್ಲಿ ಬಾರ್ನರು ಜೋಸೆಫ್ ಮೇಯರ್ ಎಂಬ ಅಮೆರಿಕದವರ ಜೊತೆಗೆ ಈ ಲೆಕ್ಕವನ್ನು ಇನ್ನೂ ನಯಗೊಳಿಸಿದರು.

ಅದೇ ಬಾರ್ನರು ಬೆಂಗಳೂರಿಗೆ ಬಂದರು. ಯೆಹೂದ್ಯರೆಂಬ ಕಾರಣಕ್ಕೆ 1933ರಲ್ಲಿ ಗಟ್ಟಿಂಗೆನ್ನಿನ ಪೀಠವನ್ನು ಕಳೆದುಕೊಂಡು ಕೇಂಬ್ರಿಜಿನಲ್ಲಿ ತಾತ್ಕಾಲಿಕವಾಗಿ ಇದ್ದ ಅವರನ್ನು, ಆಗ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಕರೆಸಿಕೊಂಡರು. ನಮ್ಮವರೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಯಲ್ಲಿ ಬಾರ್ನ್ ದಂಪತಿಗಳು 1935ರ ಕೊನೆಯಿಂದ 1936ರವರೆಗೆ ಕೆಲವು ತಿಂಗಳು ಇದ್ದರು. ಅವರನ್ನು ಖಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ನರ ಆಸೆ. ಆ ವಿಷಯ ಸಭೆಗೆ ಬಂದಾಗ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು ನಿಂತು, ಸ್ವದೇಶದಿಂದ ಹೊರಹಾಕಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ತಮಗೆ ಬೇಡವೆಂಬರ್ಥದ ಮಾತನ್ನು ಬಾರ್ನರ ಎದುರಿನಲ್ಲಿಯೇ ಆಡಿದರು. ಮನೆಗೆ ಹಿಂದಿರುಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಬಾರ್ನರೇ ಮುಂದೆ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಕರೆಯಿತು; ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹರಳಿನ ಲೆಕ್ಕಶಾಸ್ತ್ರದ ಮೂಲಪುರುಷರು ಬೆಂಗಳೂರಿನಲ್ಲಿಯೇ ನೆಲೆಸಬಹುದಾಗಿತ್ತು, ಒಂದು ಸಭೆಯ ಒಂದು ನಾಲಿಗೆಯಿಂದ ಅದು ತಪ್ಪಿತೆಂಬುದನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ.

ಅಷ್ಟು ಅಕ್ಕರೆಯಿಂದ ಕರೆತಂದ ರಾಮನ್ನರಿಗೂ ಬಾರ್ನರಿಗೂ ಮುಂದೆ ನಡೆದ ವಾಗ್ವಾದ ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದಕ್ಕೂ ಸಾಕ್ಷಿಗೆ ನಿಂತದ್ದು ಉಪ್ಪೇ. ಹರಳಿನಲ್ಲಿ ಪರಮಾಣುಗಳು ಸುಮ್ಮನೆ ನಿಂತಿಲ್ಲ, ನಡುಗುತ್ತಿರುತ್ತವೆ. ಒಂದರ ನಡುಕ ಮುಂದಿನದಕ್ಕೆ ತಗಲಿ ಹರಳಿನ ಉದ್ದಕ್ಕೂ ಅಲೆಯಾಗಿ ಹರಿಯುತ್ತದೆ. ಸಣ್ಣಲೆ, ದೊಡ್ಡಲೆ, ಓರೆಯಲೆ ಎಲ್ಲವೂ ಇರುವುದರಿಂದ ನಡುಕದ ಬಗೆಗಳು ಎಣಿಕೆಗೆ ಸಿಗದಷ್ಟು ಎಂಬುದು ಬಾರ್ನರ ವಾದ. ಹಾಗಲ್ಲ, ಎಣಿಸಿ ಹೇಳಬಹುದಾದ ಕೆಲವೇ ಬಗೆಗಳಿವೆ ಎಂಬುದು 1940ರ ದಶಕದ ಆರಂಭದಿಂದ ರಾಮನ್ನರ ವಾದ. ಬೆಂಗಳೂರಿನಲ್ಲಿ ಆರ್. ಎಸ್. ಕೃಷ್ಣನ್ನರು ಪಾದರಸದ ದೀಪದ ಅತಿನೇರಳೆ ಬೆಳಕನ್ನು ಕಲ್ಲುಪ್ಪಿನ ಹರಳಿನ ಮೇಲೆ ಬೀಳಿಸಿ, ಚದರಿ ಬಂದ ಅತಿ ಮಂಕಾದ ಬೆಳಕನ್ನು ಫೋಟೋ ಫಲಕದ ಮೇಲೆ ಹಿಡಿದರು. ಅದರಲ್ಲಿ ಒಂದೊಂದಾಗಿ ಏರಿಳಿತಗಳು ಕಂಡವು. ರಾಮನ್ನರು ತಮ್ಮ ಮಾತಿಗೆ ಇದೇ ರುಜುವಾತೆಂದರು. ಅತ್ತ ಎಡಿನ್‌ಬರೋದಲ್ಲಿ ಬಾರ್ನರ ಶಿಷ್ಯ ಕೆಲ್ಲರ್‌ಮನ್ 1940ರಲ್ಲಿಯೇ ಉಪ್ಪಿನ ಹರಳಿನ ನಡುಕಗಳನ್ನು ಮೂಲದಿಂದ ಲೆಕ್ಕ ಹಾಕಿದ್ದರು. ಇಂದಿನ ಗಣಕಯಂತ್ರ ಆಗ ಇರಲಿಲ್ಲವೆಂಬುದನ್ನು ಮರೆಯಬೇಡಿ. ಆ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು 1947ರಲ್ಲಿ ಬಾರ್ನರೂ ಮೇರಿ ಬ್ರಾಡ್‌ಬರ್ನ್ ಎಂಬ ವಿದುಷಿಯೂ ಕೃಷ್ಣನ್ನರ ಫಲಕಕ್ಕೆ ಬೇರೆ ಅರ್ಥವನ್ನು ಕೊಟ್ಟರು. ಜಾತ್ರೆಯಲ್ಲಿ ಜನ ಎಲ್ಲ ಕಡೆಯೂ ಇರುತ್ತಾರೆ, ಆದರೂ ಅಂಗಡಿಗಳ ಮುಂದೆ ಗುಂಪು ದಟ್ಟವಾಗಿರುವುದಿಲ್ಲವೇ? ಅಸಂಖ್ಯ ನಡುಕಗಳೂ ಹಾಗೆಯೇ ಅಲ್ಲಲ್ಲಿ ದಟ್ಟೈಸುತ್ತವೆ. ಫಲಕದ ಏರುಗಳು ಆ ದಟ್ಟಣೆಗಳು.

ಕಾಲ ಬಾರ್ನರ ಪಕ್ಷವನ್ನೇ ಎತ್ತಿ ಹಿಡಿಯಿತು. ರಾಮನ್ನರು 1970ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಒಪ್ಪಲಿಲ್ಲ. ಇಷ್ಟನ್ನೇ ಹೇಳಿ ಮುಗಿಸುವುದು ಅವರಿಗೆ ಅನ್ಯಾಯ. ಅವರ ಹಟವಿಲ್ಲದಿದ್ದರೆ ಕೃಷ್ಣನ್ನರ ಆ ಸೂಕ್ಷ್ಮ ಫಲಕವೂ ಇರುತ್ತಿರಲಿಲ್ಲ, ಬಾರ್ನರ ಲೆಕ್ಕಕ್ಕೆ ಒರೆಗಲ್ಲೂ ಸಿಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಮಾತೊಂದಿದೆ. 1940ರಲ್ಲಿ ರಾಮನ್ನರೂ ನೆಡುಂಗಾಡಿಯವರೂ ಬೆಣಚುಕಲ್ಲನ್ನು ಕಾಯಿಸುತ್ತ ಹೋಗಿ, ಅದು ರೂಪ ಬದಲಿಸುವ ಮುನ್ನ ಅದರ ಒಂದು ನಡುಕ ಸೊರಗಿ ಸೊರಗಿ ಮೆತ್ತಗಾಗುವುದನ್ನು ಕಂಡರು. ಕಾಯಿಸಿದರೂ ಅಷ್ಟೆ, ಒತ್ತಿದರೂ ಅಷ್ಟೆ: ಒಂದು ಹರಳಿನ ಕಟ್ಟು ನಿಲ್ಲುವುದೋ ಮುರಿಯುವುದೋ ಎಂಬುದನ್ನು ತಿಳಿಯಲು ಇಂದಿನ ಗಣಕಯಂತ್ರದ ಲೆಕ್ಕಗಾರರು ಮೊದಲು ನೋಡುವುದು ಯಾವುದಾದರೂ ನಡುಕ ಹೀಗೆ ಸೊರಗಿದೆಯೇ ಎಂಬುದನ್ನೇ. ಲೆಕ್ಕದ ವಿಧಾನ ಬಾರ್ನರದು; ಯಾವ ಗುರುತನ್ನು ಹುಡುಕಬೇಕೆಂಬುದನ್ನು ಮೊದಲು ಕಂಡವರಲ್ಲಿ ರಾಮನ್ನರಿದ್ದರು.

ಇನ್ನು ಒತ್ತಿದವರ ಕಡೆಗೆ ಬರೋಣ. ಅಮೆರಿಕದ ಹಾರ್ವರ್ಡಿನಲ್ಲಿ ಪರ್ಸಿ ಬ್ರಿಜ್‌ಮನ್ ಎಂಬವರು ತಮ್ಮ ಜೀವಮಾನವನ್ನೆಲ್ಲ ವಸ್ತುಗಳನ್ನು ಒತ್ತುವುದರಲ್ಲಿಯೇ ಕಳೆದು 1946ರ ನೊಬೆಲ್ ಬಹುಮಾನವನ್ನು ಪಡೆದವರು. ಉಪ್ಪಿನ ತಮ್ಮನಂತಿರುವ ಪೊಟ್ಯಾಸಿಯಂ ಕ್ಲೋರೈಡು ಸುಮಾರು 20,000 ವಾಯುಭಾರಕ್ಕೆ ಒಮ್ಮೆಲೇ ಕುಗ್ಗಿ ಬೇರೆ ರೂಪ ತಾಳಿತು. ಉಪ್ಪು ಮಾತ್ರ ಬ್ರಿಜ್‌ಮನ್ನರ ಲಕ್ಷ ವಾಯುಭಾರಕ್ಕೂ ಜಗ್ಗಲಿಲ್ಲ.

ಬೇರೆ ರೂಪವೆಂದರೇನು? ಬಂಡಿಹಬ್ಬದ ದಿನ ಅಂಕೋಲೆಗೆ ಹೊರಟ ಬಸ್ಸನ್ನು ಮನಸ್ಸಿಗೆ ತಂದುಕೊಳ್ಳಿರಿ. ಮೊದಲು ಹತ್ತಿದವರು ಕೈಕಾಲು ಚಾಚಿ ನಿಂತಿರುತ್ತಾರೆ. ನಿಲ್ದಾಣ ನಿಲ್ದಾಣಕ್ಕೂ ಜನ ಏರಿದಂತೆ ಸ್ವಲ್ಪ ಸ್ವಲ್ಪ ಸರಿದು ಒತ್ತೊತ್ತಾಗುತ್ತಾರೆ, ನಿಂತ ಕ್ರಮ ಮಾತ್ರ ಅದೇ. ಒಂದು ಹಂತದಲ್ಲಿ ಕಂಡಕ್ಟರರು ಕೂಗಿ ಹೇಳುತ್ತಾರೆ. ಎಲ್ಲರೂ ಅಡ್ಡ ತಿರುಗಿ ಸಾಲನ್ನೇ ಬದಲಿಸಿ ನಿಲ್ಲುತ್ತಾರೆ. ಈಗ ಪ್ರತಿಯೊಬ್ಬನಿಗೂ ತಗಲಿ ನಿಂತವರ ಸಂಖ್ಯೆ ಹೆಚ್ಚು, ಜಾಗ ಕಡಿಮೆ. ಹರಳಿನಲ್ಲಿಯೂ ಹಾಗೆಯೇ. ಆರು ನೆರೆಯವರ ಕಟ್ಟು ಮುರಿದು ಎಂಟು ನೆರೆಯವರ ಕಟ್ಟಾಗುತ್ತದೆ. ಘನದ ನಡುವೆ ಒಂದು ಪರಮಾಣು, ಎಂಟು ಮೂಲೆಗಳಲ್ಲಿ ಎಂಟು. ಎಂಟರ ಕಟ್ಟಿನಲ್ಲಿ ಇಕ್ಕಟ್ಟಿನ ಕಷ್ಟ ಹೆಚ್ಚು, ಆದರೆ ಜಾಗ ಉಳಿಯುತ್ತದೆ. ಒತ್ತಡ ಏರಿದಂತೆ ಜಾಗಕ್ಕೆ ಬೆಲೆ ಏರುತ್ತದೆ. ಜಾಗದ ಉಳಿತಾಯ ಇಕ್ಕಟ್ಟಿನ ಕಷ್ಟವನ್ನು ಮೀರಿದ ಕ್ಷಣದಲ್ಲಿ ಮನೆ ಬದಲು.

ಉಪ್ಪಿಗೆ ಆ ಕ್ಷಣ ಯಾವಾಗ? ಅದನ್ನು ಕಾಣಲು ವಜ್ರ ಬೇಕಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಮಾನಕಗಳ ಕಚೇರಿಯಲ್ಲಿ ಚಾರ್ಲ್ಸ್ ವೀರ್ ಮತ್ತು ಜೊತೆಗಾರರು ಎರಡು ವಜ್ರಗಳ ಚೂಪು ತುದಿಗಳ ನಡುವೆ ಕಣದಷ್ಟು ವಸ್ತುವನ್ನಿಟ್ಟು ತಿರುಪಿನಿಂದ ಬಿಗಿಯುವ ಅಂಗೈಯಗಲದ ಯಂತ್ರವನ್ನು ಮಾಡಿದರು. ಆ ಪ್ರಯೋಗಗಳಿಗೆ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದು ಸರಕಾರದ ವಶವಾಗಿದ್ದ ವಜ್ರಗಳು ಪುಕ್ಕಟೆಯಾಗಿ ಒದಗಿದವು. ಕಳ್ಳಮಾಲು ಇಷ್ಟು ಒಳ್ಳೆಯ ಕೆಲಸಕ್ಕೆ ಬಂದ ಉದಾಹರಣೆ ಅಪರೂಪ. ವಜ್ರ ಪಾರದರ್ಶಕವಾದ್ದರಿಂದ ಒತ್ತುತ್ತಿರುವಾಗಲೇ ಒಳಗೆ ನೋಡಬಹುದು, ಕ್ಷಕಿರಣವನ್ನೂ ಹಾಯಿಸಬಹುದು. ಇಂಥ ಯಂತ್ರದಿಂದ ಬ್ಯಾಸೆಟ್ ಮತ್ತು ಸಂಗಡಿಗರು 1968ರಲ್ಲಿ ಉಪ್ಪು ಸುಮಾರು 3 ಲಕ್ಷ ವಾಯುಭಾರದಲ್ಲಿ ಆರರಿಂದ ಎಂಟಕ್ಕೆ ಹಾರಿದ್ದನ್ನು ಪ್ರಕಟಿಸಿದರು. ಇದು ಭೂಮಿಯೊಳಗೆ ಸುಮಾರು 800 ಕಿಲೋಮೀಟರ್ ಆಳದಲ್ಲಿರುವ ಒತ್ತಡ. ಅಷ್ಟರೊಳಗೆ ಉಪ್ಪಿನ ಗಾತ್ರ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು. ಸಾಸಿವೆಗಿಂತ ಸಣ್ಣ ಜಾಗದಲ್ಲಿ 3 ಲಕ್ಷ ವಾಯುಭಾರವಿದೆಯೆಂದು ಅಳೆದವರು ಯಾರು, ಯಾವ ಮಾಪಕದಿಂದ? ಇದಕ್ಕೆ ಬರುವ ಉತ್ತರ ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸೋಜಿಗದ್ದು. ಆ ಕಾಲದಲ್ಲಿ ಮಾಪಕವಾಗಿದ್ದದ್ದು ಉಪ್ಪೇ. ಡೆಕ್ಕರ್ ಎಂಬ ಅಮೆರಿಕದ ವಿಜ್ಞಾನಿ 1965ರಲ್ಲಿ, ಮತ್ತೆ ತಿದ್ದಿ 1971ರಲ್ಲಿ, ಉಪ್ಪು ಯಾವ ಒತ್ತಡಕ್ಕೆ ಎಷ್ಟು ಕುಗ್ಗಬೇಕೆಂಬುದನ್ನು ಬಾರ್ನ್–ಮೇಯರರ ಹಾದಿಯಲ್ಲಿ ಲೆಕ್ಕ ಹಾಕಿ ಕೋಷ್ಟಕ ಮಾಡಿದರು. ಒತ್ತಡ ತಿಳಿಯಬೇಕಾದರೆ ನಿಮ್ಮ ವಸ್ತುವಿನ ಜೊತೆಗೆ ಚಿಟಿಕೆ ಉಪ್ಪನ್ನು ಇಡಿರಿ, ಕ್ಷಕಿರಣದಿಂದ ಅದು ಕುಗ್ಗಿದ್ದೆಷ್ಟೆಂದು ಅಳೆಯಿರಿ, ಕೋಷ್ಟಕವನ್ನು ನೋಡಿರಿ. ಮುಂದೆ ಕೆಂಪಿನ ಕಲ್ಲಿನ ಹೊಳಪಿನಿಂದ ಒತ್ತಡವನ್ನು ಹೇಳುವ ಸುಲಭ ವಿಧಾನ ಬಂತು. ಆ ಮಾಣಿಕ್ಯವನ್ನೂ 1975ರಲ್ಲಿ ಇದೇ ಉಪ್ಪಿನ ಕೋಷ್ಟಕಕ್ಕೆ ಹೋಲಿಸಿಯೇ ಅಂಕಿ ಹಾಕಿದರು. ಅಂದರೆ ಲೆಕ್ಕದಿಂದ ಹುಟ್ಟಿದ ಅಳತೆಗೋಲಿನಿಂದ ಪ್ರಯೋಗಶಾಲೆಗಳು ಪ್ರಯೋಗವನ್ನು ಅಳೆದವು! ಇದರಲ್ಲಿ ಅಪಾಯವೂ ಉಂಟು. ಸೇರೇ ತಪ್ಪಾಗಿದ್ದರೆ ಸಂತೆಯ ತೂಕವೆಲ್ಲ ತಪ್ಪು.

ಈ ಒತ್ತಡದ ವಿದ್ಯೆಯಲ್ಲಿ ಬೆಂಗಳೂರಿನವರ ಪಾಲು ಸಣ್ಣದಲ್ಲ. ರಾಮನ್ನರ ಸಂಶೋಧನಾಲಯದಲ್ಲಿ ಅವರ ಸಹಾಯಕರಾಗಿ ರತ್ನಶಿಲೆಗಳ ಬಣ್ಣಗಳನ್ನು ಅಭ್ಯಸಿಸಿದ ಎ. ಜಯರಾಮನ್ನರು ಮುಂದೆ ಅಮೆರಿಕಕ್ಕೆ ಹೋಗಿ ಬೆಲ್ ಪ್ರಯೋಗಶಾಲೆಯಲ್ಲಿ ವಜ್ರದ ಯಂತ್ರದ ದೊಡ್ಡ ಜಾಣರಾದರು. ಅದನ್ನು ಕುರಿತು 1983ರಲ್ಲಿ ಅವರು ಬರೆದ ದೀರ್ಘ ಲೇಖನ ಬಹು ಕಾಲ ಆ ಕ್ಷೇತ್ರದವರಿಗೆ ಕೈಪಿಡಿಯಂತಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ಎ. ಕೆ. ಸಿಂಗ್ ಅವರು, ವಜ್ರಗಳ ನಡುವಿನ ಒತ್ತಡ ಎಲ್ಲ ದಿಕ್ಕಿನಲ್ಲಿಯೂ ಸಮನಲ್ಲದಿದ್ದರೆ ಹರಳಿನ ಅಳತೆ ಹೇಗೆ ಓರೆಯಾಗುತ್ತದೆಂಬುದನ್ನು ಲೆಕ್ಕ ಹಾಕಿ 1993ರಲ್ಲಿ ಸೂತ್ರ ಕೊಟ್ಟರು. ಅದನ್ನು ಇಂದಿಗೂ ದೇಶವಿದೇಶಗಳಲ್ಲಿ ಬಳಸುತ್ತಾರೆ.

ಗಣಕಯಂತ್ರದ ಕಾಲ ಬಂದ ಮೇಲೆ ಲೆಕ್ಕದ ಸ್ವರೂಪವೇ ಬದಲಾಯಿತು. ಬಾರ್ನರು ದೂಡುವ ಬಲವನ್ನು ಪ್ರಯೋಗದಿಂದ ಎರವಲು ತಂದಿದ್ದರು. 1964–65ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು, ಎಲೆಕ್ಟ್ರಾನುಗಳ ದಟ್ಟಣೆಯೊಂದನ್ನೇ ಹಿಡಿದು, ಯಾವ ಎರವಲೂ ಇಲ್ಲದೆ ವಸ್ತುವಿನ ಶಕ್ತಿಯನ್ನು ಲೆಕ್ಕಿಸುವ ದಾರಿಯನ್ನು ತೆರೆದರು. ಇನ್ನೊಂದು ದಾರಿಯನ್ನು ತೋರಿದವರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನರು ಪ್ರಮುಖರು. 1964ರಲ್ಲಿಯೇ 864 ಪರಮಾಣುಗಳ ಓಡಾಟವನ್ನು ಗಣಕಯಂತ್ರದಲ್ಲಿ ಹಿಂಬಾಲಿಸಿದ ಧೀರರು ಅವರು. ಅಂಥ ಲೆಕ್ಕದಲ್ಲಿ ಪರಮಾಣುಗಳನ್ನು ಒಂದು ಕಲ್ಪನೆಯ ಪೆಟ್ಟಿಗೆಯಲ್ಲಿ ಕೂಡಿಹಾಕಿರುತ್ತಾರೆ. ಪೆಟ್ಟಿಗೆಯ ಗೋಡೆ ಗಟ್ಟಿಯಾಗಿದ್ದರೆ ಒಳಗಿನ ಹರಳು ರೂಪ ಬದಲಿಸಲು ಬಯಸಿದರೂ ಜಾಗವಿಲ್ಲ. 1980ರಲ್ಲಿ ರಹಮಾನರೂ ಇಟಲಿಯ ಮಿಕೆಲೆ ಪರಿನೆಲ್ಲೊ ಅವರೂ ಪೆಟ್ಟಿಗೆಯ ಗಾತ್ರವೂ ಆಕಾರವೂ ಹೊರಗಿನ ಒತ್ತಡಕ್ಕೆ ಸರಿಯಾಗಿ ತಾವೇ ಬದಲಾಗುವಂತೆ ಮಾಡಿದರು. ಗೋಡೆಗೆ ಜೀವ ಬಂತು. ಹರಳು ಗಣಕಯಂತ್ರದೊಳಗೆ ತಾನಾಗಿಯೇ ಮನೆ ಬದಲಿಸತೊಡಗಿತು. 1986ರಲ್ಲಿ ಫ್ರೋಯೆನ್ ಮತ್ತು ಕೋಹೆನ್ ಎಂಬವರು ಉಪ್ಪನ್ನೂ ಪೊಟ್ಯಾಸಿಯಂ ಕ್ಲೋರೈಡನ್ನೂ ಎಲೆಕ್ಟ್ರಾನುಗಳ ಮಟ್ಟದಿಂದಲೇ ಒತ್ತಿ ನೋಡಿ ಪ್ರಕಟಿಸಿದರು.

ಈಗ ಈ ವಿದ್ಯೆ ದೊಡ್ಡ ಪ್ರಯೋಗಶಾಲೆಗಳ ಸೊತ್ತಾಗಿ ಉಳಿದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಉಮೇಶ ವಾಘ್ಮಾರೆಯವರ ಬಳಗ ಇಂಥ ಲೆಕ್ಕಗಳಿಗೆ ಹೆಸರಾಗಿದೆ. ಇಟಲಿಯ ಟ್ರಿಯೆಸ್ಟೆಯಲ್ಲಿ ಬೆಳೆದ ‘ಕ್ವಾಂಟಮ್ ಎಸ್‌ಪ್ರೆಸೊ’ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಉಪ್ಪಿನಂಥ ಸರಳ ಹರಳಿಗೆ ಮನೆಯ ಗಣಕಯಂತ್ರವೇ ಸಾಕು. ನಾನೂ ಕಾರವಾರದ ನನ್ನ ಮೇಜಿನ ಮೇಲೆ ಒಮ್ಮೆ ಪ್ರಯತ್ನಿಸಿದೆ. ಮೊದಲ ದಿನ ಒತ್ತಡದ ಜಾಗದಲ್ಲಿ 30 ಎಂದು ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಗಿಗಾಪಾಸ್ಕಲ್, ತಂತ್ರಾಂಶ ಕೇಳುವುದು ಕಿಲೋಬಾರ್. ಒಂದು ಗಿಗಾಪಾಸ್ಕಲ್ಲಿಗೆ ಹತ್ತು ಕಿಲೋಬಾರ್. 3 ಲಕ್ಷ ವಾಯುಭಾರದ ಬದಲು ಅದರ ಹತ್ತನೆಯ ಒಂದು ಪಾಲನ್ನು ಹೇರಿ, ಉಪ್ಪು ಜಗ್ಗಲಿಲ್ಲವೆಂದು ಅರ್ಧ ದಿನ ಚಿಂತೆ ಮಾಡಿದೆ. ತಪ್ಪನ್ನು ತಿದ್ದಿ 300 ಎಂದು ಬರೆದೆ. ಪೆಟ್ಟಿಗೆ ಚೆನ್ನಾಗಿ ಕುಗ್ಗಿತು. ಆದರೂ ನೆರೆಯವರು ಆರೇ! 400ಕ್ಕೂ ಆರೇ!

ತಪ್ಪು ತಂತ್ರಾಂಶದ್ದಲ್ಲ. ನಾನು ಕೊಟ್ಟ ಹರಳು ಅತಿ ಅಚ್ಚುಕಟ್ಟಾಗಿತ್ತು. ಪ್ರತಿಯೊಂದು ಪರಮಾಣುವನ್ನೂ ಆರೂ ಕಡೆಯಿಂದ ಸರಿಸಮನಾಗಿ ಒತ್ತುತ್ತಿರುವಾಗ ಅದು ಯಾವ ಕಡೆಗೆ ಓಡೀತು? ಬೆಟ್ಟದ ನೆತ್ತಿಯ ಮೇಲೆ ಸರಿಯಾಗಿ ನಿಲ್ಲಿಸಿದ ಕಲ್ಲು ಕೆಳಗೆ ಕಣಿವೆಯಿದ್ದರೂ ಉರುಳುವುದಿಲ್ಲ. ಅಲ್ಲದೆ ನನ್ನ ಲೆಕ್ಕದಲ್ಲಿ ಶಾಖದ ನಡುಕವೇ ಇರಲಿಲ್ಲ. ಇಂಥಲ್ಲಿ ಎರಡು ಮನೆಗಳನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು: ಆರರ ಕಟ್ಟಿನ ಶಕ್ತಿಯನ್ನು ಹಲವು ಗಾತ್ರಗಳಲ್ಲಿ, ಎಂಟರ ಕಟ್ಟಿನ ಶಕ್ತಿಯನ್ನು ಹಲವು ಗಾತ್ರಗಳಲ್ಲಿ. ಪ್ರತಿಯೊಂದಕ್ಕೂ ಒತ್ತಡವನ್ನು ಗಾತ್ರದಿಂದ ಗುಣಿಸಿ ಕೂಡಿಸಬೇಕು. ಅದು ಜಾಗದ ಬಾಡಿಗೆ ಎನ್ನಿ. ಯಾವ ಒತ್ತಡದಲ್ಲಿ ಎರಡು ಮೊತ್ತಗಳೂ ಸಮನಾಗುತ್ತವೆಯೋ ಅದೇ ಮನೆ ಬದಲಿಸುವ ಮುಹೂರ್ತ. ಹಾಗೆ ಮಾಡಿದ ಮೇಲೆ ಎರಡು ಗೆರೆಗಳು 3 ಲಕ್ಷ ವಾಯುಭಾರದ ಆಸುಪಾಸಿನಲ್ಲಿ ಒಂದನ್ನೊಂದು ದಾಟಿದವು.

ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಆದರೆ ಕೂಡಲೇ ಇನ್ನೊಂದು ಅಂಕಿಯನ್ನು ನೋಡಿ ಹಿಗ್ಗು ಇಳಿಯಿತು. ಒತ್ತಡವೇ ಇಲ್ಲದ ಉಪ್ಪಿನ ಘನದ ಅಂಚು ಅಳತೆಯಲ್ಲಿ 5.64 ಆಂಗ್‌ಸ್ಟ್ರಾಂ, ಒಂದು ಆಂಗ್‌ಸ್ಟ್ರಾಂ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಈ ಲೆಕ್ಕಗಳಲ್ಲಿ ಎಲೆಕ್ಟ್ರಾನುಗಳ ಪರಸ್ಪರ ವ್ಯವಹಾರಕ್ಕೆ ಅಂದಾಜಿನ ಸೂತ್ರಗಳನ್ನು ಬಳಸುತ್ತಾರೆ. ಎಲ್‌ಡಿಎ ಎಂಬ ಹಳೆಯ ಸೂತ್ರ ಅಂಚನ್ನು ಸುಮಾರು 5.47 ಎನ್ನುತ್ತದೆ, ಪಿಬಿಇ ಎಂಬ ಹೊಸ ಸೂತ್ರ ಸುಮಾರು 5.70 ಎನ್ನುತ್ತದೆ. ಒಂದು ಜಿಪುಣ, ಇನ್ನೊಂದು ಧಾರಾಳಿ. ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ಉಪ್ಪನ್ನು ನಿಜವಾಗಿ 5.47ಕ್ಕೆ ಇಳಿಸಬೇಕಾದರೆ 20,000ಕ್ಕಿಂತ ಹೆಚ್ಚು ವಾಯುಭಾರವನ್ನು ಹೇರಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ಮನೆ ಬಿಡಿಸಿದಷ್ಟು ಒತ್ತಡ ಸೂತ್ರದ ತಪ್ಪಿನಲ್ಲಿಯೇ ಅಡಗಿದೆ. ಸಾಲದ್ದಕ್ಕೆ, ಪೆಟ್ಟಿಗೆ ಕುಗ್ಗಿದ ಮೇಲೆ ಹೊಸ ಗಾತ್ರದಿಂದ ಲೆಕ್ಕವನ್ನು ಮತ್ತೊಮ್ಮೆ ಆರಂಭಿಸದಿದ್ದರೆ ಇನ್ನಷ್ಟು ಸುಳ್ಳು ಒತ್ತಡ ಸೇರಿಕೊಳ್ಳುತ್ತದೆ. ಗಣಕಯಂತ್ರ ಎಂಟು ದಶಮಾಂಶಗಳವರೆಗೆ ಉತ್ತರ ಕೊಡುತ್ತದೆಂದು ಮೊದಲ ದಶಮಾಂಶವನ್ನು ನಂಬಿಬಿಡಬಾರದು. ಬಲ್ಲವರು ಎರಡು ಸೂತ್ರಗಳಿಂದಲೂ ಲೆಕ್ಕ ಹಾಕಿ, ಉತ್ತರ ಎಷ್ಟು ತೂಗಾಡುತ್ತದೆಂಬುದನ್ನೂ ಜೊತೆಗೆ ಹೇಳುತ್ತಾರೆ.

ಇಷ್ಟು ಅನುಮಾನಗಳಿದ್ದರೂ ಲೆಕ್ಕ ಕೆಲವೊಮ್ಮೆ ಕೈಗಿಂತ ಮುಂದೆ ನಡೆದದ್ದುಂಟು. ಉಪ್ಪೆಂದರೆ ಸೋಡಿಯಂ ಒಂದಕ್ಕೆ ಕ್ಲೋರಿನ್ ಒಂದು ಎಂಬುದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಾತು. ಒಗನೋವ್ ಮತ್ತು ಅವರ ಸಂಗಡಿಗರು, ಯಾವ ಪ್ರಮಾಣದಲ್ಲಿ ಬೆರೆಸಿದರೆ ಯಾವ ಒತ್ತಡದಲ್ಲಿ ಯಾವ ಹರಳು ನಿಂತೀತು ಎಂದು ಗಣಕಯಂತ್ರವನ್ನೇ ಹುಡುಕಲು ಬಿಟ್ಟರು. ಒಂದು ಸೋಡಿಯಮಿಗೆ ಮೂರು ಕ್ಲೋರಿನ್, ಒಂದು ಸೋಡಿಯಮಿಗೆ ಏಳು ಕ್ಲೋರಿನ್, ಮೂರು ಸೋಡಿಯಮಿಗೆ ಒಂದು ಕ್ಲೋರಿನ್, ಹೀಗೆ ಯಾವ ಪುಸ್ತಕದಲ್ಲಿಯೂ ಇಲ್ಲದ ಉಪ್ಪುಗಳು ಲೆಕ್ಕದಲ್ಲಿ ಎದ್ದು ನಿಂತವು. ಆರ್ಮ್‌ಸ್ಟ್ರಾಂಗರು ಇದ್ದಿದ್ದರೆ ಏನೆನ್ನುತ್ತಿದ್ದರೋ! ಅನಂತರ ವಜ್ರಗಳ ನಡುವೆ, ಐದಾರು ಲಕ್ಷ ವಾಯುಭಾರದ ಸುತ್ತಿನಲ್ಲಿ, ಲೇಸರಿನಿಂದ ಕಾಯಿಸಿ ಒತ್ತಿ ನೋಡಿದರು. ಮೂರು ಕ್ಲೋರಿನ್ನಿನ ಉಪ್ಪೂ ಮೂರು ಸೋಡಿಯಮಿನ ಉಪ್ಪೂ ಕ್ಷಕಿರಣದ ಚಿತ್ತಾರದಲ್ಲಿ ಕಾಣಿಸಿಕೊಂಡವು. 2013ರ ಡಿಸೆಂಬರಿನಲ್ಲಿ ಈ ವರದಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಸಮುದ್ರದಂಡೆಯ ಒಂದೇ ವಾಯುಭಾರದಲ್ಲಿ ಅವು ನೆಲೆಯಾಗಿ ನಿಲ್ಲತಕ್ಕವಲ್ಲ. ಸಾಣಿಕಟ್ಟೆಯ ಮಡಿಗಳಲ್ಲಿ ಈ ವರ್ಷವೂ ಬಿಸಿಲಿಗೆ ಕೆನೆಗಟ್ಟುವುದು ಆರು ನೆರೆಯವರ ಅದೇ ಹಳೆಯ ಉಪ್ಪು.